ಎಂಟು ಹಲ್ಲು, ನಲವತ್ತು ಹಲ್ಲು

ಮುಡಬಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೂರಡಿ ಉದ್ದದ ಒಂದು ಹಲಗೆ. ಅದರ ಒಂದು ತುದಿ ನೆಲದ ಮೇಲಿದೆ, ಇನ್ನೊಂದು ತುದಿ ಒಂದಡಿ ಎತ್ತರಕ್ಕೆ ಪೇರಿಸಿದ ಇಟ್ಟಿಗೆಗಳ ಮೇಲಿದೆ. ಅಕ್ಕನ ಮಗ ರಜೆಗೆ ಬಂದವನು ಎಂಟು ದಿನ ಕೂತು ಪ್ಲಾಸ್ಟಿಕ್ ಬ್ಲಾಕುಗಳಿಂದ ಕಟ್ಟಿದ ಲಾರಿ ಬೆಳಿಗ್ಗೆಯಿಂದ ನೆಲದ ಮೇಲೆ ಸರಾಗವಾಗಿ ಓಡುತ್ತಿತ್ತು. ಈಗ ಅದು ಹಲಗೆ ಏರಬೇಕು. ಮುಂದಿನ ಗಾಲಿ ಏರಿದವು. ಹಿಂದಿನ ಗಾಲಿ ಹಲಗೆ ಮುಟ್ಟಿದ್ದೇ ತಡ, ಮೋಟರಿನ ದನಿ ಇಳಿಯುತ್ತ ಇಳಿಯುತ್ತ ಬರೀ ಒಂದು ಗುಂಯ್ ಎನ್ನುವ ಸದ್ದಾಗಿ ಉಳಿಯಿತು.

"ಮಾಮಾ, ಮೋಟರ್ ಸುಟ್ಟು ಹೋಯ್ತೇನು?"

"ಸುಟ್ಟಿಲ್ಲ. ಮೊದ್ಲ ಸ್ವಿಚ್ ಬಂದ್ ಮಾಡು."

ಸ್ವಿಚ್ ಬಂದ್ ಮಾಡಲು ಅವಸರಪಡಿಸಿದ್ದಕ್ಕೆ ಕಾರಣವಿದೆ. ತಿರುಗುವ ಮೋಟರು ತಾನೇ ಒಂದು ಡೈನಮೋ ಕೂಡ ಹೌದು. ಬ್ಯಾಟರಿ ಅದನ್ನು ತಿರುಗಿಸಿದಷ್ಟೂ ಅದರೊಳಗೆ ಎದುರು ದಿಕ್ಕಿನ ಒತ್ತಡ ಹುಟ್ಟಿ, ಬರುವ ವಿದ್ಯುತ್ತನ್ನು ತಡೆದು ಹಿಡಿಯುತ್ತದೆ. ಮೋಟರು ನಿಂತುಬಿಟ್ಟರೆ ಆ ತಡೆ ಇರುವುದಿಲ್ಲ. ತೆಳ್ಳನೆಯ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಧಾರಾಳವಾಗಿ ಹರಿದು ಎಲ್ಲವೂ ಕಾವಾಗುತ್ತದೆ. ಹೊಲದ ಬೋರ್‌ವೆಲ್ಲಿನ ಪಂಪು ಹೂಳಿಗೆ ಸಿಕ್ಕಿ ತಿರುಗದೆ ನಿಂತಾಗ ವೈಂಡಿಂಗ್ ಸುಡುವುದೂ ಬಹಳ ಮಟ್ಟಿಗೆ ಹೀಗೆಯೇ. ಓಡುವ ಮೋಟರಿಗಿಂತ ನಿಂತ ಮೋಟರು ಹೆಚ್ಚು ತಿನ್ನುತ್ತದೆ.

ಹುಡುಗ ಲಾರಿಯನ್ನು ಮಡಿಲಿಗೆ ಹಾಕಿಕೊಂಡು ಬಿಚ್ಚತೊಡಗಿದ. ಬಿಚ್ಚಬಹುದು, ಮತ್ತೆ ಕಟ್ಟಬಹುದು, ಎಷ್ಟು ಸಲ ಬಿಚ್ಚಿದರೂ ಮೊದಲಿನ ಬಿಗಿ ಉಳಿಯುತ್ತದೆ. ಈ ಹವ್ಯಾಸದ ಬೇರು ಇರುವುದು ಅಲ್ಲಿ. ಅದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಲು ನಮ್ಮ ಭಾಗದ ಮಕ್ಕಳ ಹಳೆಯ ಬಂಡಿಯೊಂದನ್ನು ನೋಡಬೇಕು.

ಸುಗ್ಗಿ ಮುಗಿದು ಕಣಕಿ ಬಣವೆ ಏರಿದ ಮೇಲೆ ನಾವೆಲ್ಲ ಜೋಳದ ದಂಟಿನ ಬಂಡಿ ಮಾಡಿದವರೇ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬಿಳಿ ಬೆಂಡು. ಸುಲಿದ ಸಿಪ್ಪೆಯನ್ನೇ ಚೂಪಾಗಿ ಸೀಳಿದರೆ ಮೊಳೆ. ಬೆಂಡಿಗೆ ಸಿಬಿರು ಚುಚ್ಚಿ ನೊಗ, ಮೂಕಿ, ಗಾಲಿ, ಎತ್ತು ಎಲ್ಲವನ್ನೂ ಕೂಡಿಸುತ್ತಿದ್ದೆವು. ಕಟ್ಟುವ ಸಾಮಾನು, ಜೋಡಿಸುವ ಸಾಮಾನು ಎರಡೂ ಒಂದೇ ದಂಟಿನಿಂದ ಬರುತ್ತಿತ್ತು. ನಾನು ಕಂಡ ಅತ್ಯಂತ ಸೊಗಸಾದ ಜೋಡಣೆಯ ಆಟಿಕೆಗಳಲ್ಲಿ ಅದೂ ಒಂದು ಎಂದು ಈಗಲೂ ನಂಬಿದ್ದೇನೆ. ಅದರ ಕೊರತೆ ಒಂದೇ. ಸಿಬಿರನ್ನು ಒಮ್ಮೆ ಕಿತ್ತರೆ ಬೆಂಡಿನ ತೂತು ಸಡಿಲವಾಗುತ್ತದೆ. ಬೆಂಡು ಅಮುಕಿದ ಹಾಗೆ ಅಮುಕಿಕೊಂಡು ಹಾಗೇ ಉಳಿಯುತ್ತದೆ, ಮರಳಿ ಉಬ್ಬುವುದಿಲ್ಲ.

ಪ್ಲಾಸ್ಟಿಕ್ ಬ್ಲಾಕು ಮರಳುತ್ತದೆ. ಎಬಿಎಸ್ ಎನ್ನುವ ಈ ಪ್ಲಾಸ್ಟಿಕ್ಕಿನಲ್ಲಿ ಮೂರು ವಸ್ತುಗಳು ಬೆರೆತಿವೆ. ಅಕ್ರಿಲೋನೈಟ್ರೈಲ್ ಮತ್ತು ಸ್ಟೈರೀನ್ ಗಡಸುತನ, ಹೊಳಪು ಕೊಡುತ್ತವೆ. ಬ್ಯುಟಾಡೈಯೀನ್ ಎಂಬ ರಬ್ಬರಿನ ಅಂಶ ಪೆಟ್ಟು ತಾಳುವ ಗುಣ ಕೊಡುತ್ತದೆ. ಬ್ಲಾಕಿನ ತಲೆಯ ಮೇಲಿನ ಗುಬುಟಿನ ವ್ಯಾಸ 4.8 ಮಿಲಿಮೀಟರ್. ಅದು ಕೂರಬೇಕಾದ ಜಾಗ ಕೂದಲೆಳೆಯಷ್ಟೂ ಅಲ್ಲದ ಅಂತರದಲ್ಲಿ ಬಿಗಿ. ಒತ್ತಿದಾಗ ಗೋಡೆ ಒಂದಿಷ್ಟು ಹೊರಕ್ಕೆ ಬಾಗುತ್ತದೆ, ಬಾಗಿದ ಗೋಡೆ ಗುಬುಟನ್ನು ಹಿಡಿಯುತ್ತದೆ, ಕಿತ್ತಾಗ ಗೋಡೆ ತನ್ನ ಜಾಗಕ್ಕೆ ಬರುತ್ತದೆ. ಬಾಗುವುದು ಹೆಚ್ಚಾದರೆ ಪ್ಲಾಸ್ಟಿಕ್ಕು ಸೋತು ಸಡಿಲವಾಗುತ್ತದೆ, ಕಡಿಮೆಯಾದರೆ ಹಿಡಿತವೇ ಇರುವುದಿಲ್ಲ. ಒಳ್ಳೆಯ ಬ್ಲಾಕಿನ ಅಚ್ಚನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಮಟ್ಟಕ್ಕೆ ಕರಾರುವಾಕ್ಕಾಗಿ ಕೊರೆಯುವುದು ಇದಕ್ಕಾಗಿ.

ಇಂಥ ಹಿಡಿತ ಎಲ್ಲ ಕಟ್ಟಡಕ್ಕೂ ಬೇಕಿಲ್ಲ. ಹುಮನಾಬಾದ್ ಹತ್ತಿರದ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಗುಡಿ ಇದೆ. ಅಂಥ ಗುಡಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ಕೂತಿರುವುದು ಮುಖ್ಯವಾಗಿ ತನ್ನ ಭಾರದಿಂದಲೇ. ಭಾರ ಕೆಳಕ್ಕೆ ಒತ್ತುತ್ತಿರುವವರೆಗೆ ಆ ಕಟ್ಟಡಕ್ಕೆ ಚಿಂತೆಯಿಲ್ಲ. ಆದರೆ ಓಡುವ ಗಾಡಿಗೆ ಭಾರದ ಭರವಸೆ ಸಾಲದು. ಅದು ಎಗರುತ್ತದೆ, ವಾಲುತ್ತದೆ, ಕೆಲವೊಮ್ಮೆ ಮಗುಚುತ್ತದೆ. ಅದರ ಪ್ರತಿ ತುಂಡೂ ಪಕ್ಕದ ತುಂಡನ್ನು ಕೈಯಿಂದ ಹಿಡಿದಂತೆ ಹಿಡಿದಿರಬೇಕು.

ಆ ಹಿಡಿತವನ್ನು ಕಂಡುಕೊಂಡ ಕಥೆ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯದು. ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಅಲ್ಲಿನ ಬಡಗಿ. ಆರ್ಥಿಕ ಕುಸಿತದ ಕಾಲದಲ್ಲಿ ಮನೆ ಕಟ್ಟಿಸುವವರು ಇಲ್ಲವಾದಾಗ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. 1934ರಲ್ಲಿ ಲೆಗೊ ಎಂದು ಹೆಸರಿಟ್ಟ. ಡೇನಿಶ್ ಭಾಷೆಯಲ್ಲಿ 'ಚೆನ್ನಾಗಿ ಆಡು' ಎಂಬುದರ ಮೊಟಕು ರೂಪ ಅದು. ಪ್ಲಾಸ್ಟಿಕ್ ಬ್ಲಾಕಿನ ಮೂಲ ಕಲ್ಪನೆ ಮಾತ್ರ ಅವನದಲ್ಲ, ಬ್ರಿಟನ್ನಿನ ಹಿಲರಿ ಪೇಜ್ ಎಂಬಾತನದು. ಅವನ ಕಿಡ್ಡಿಕ್ರಾಫ್ಟ್ ಬ್ಲಾಕುಗಳನ್ನು ನೋಡಿಯೇ 1949ರಲ್ಲಿ ಬಿಲ್ಲುಂಡಿನ ಬ್ಲಾಕು ಹುಟ್ಟಿತು. ಆದರೆ ಆ ಬ್ಲಾಕಿನ ಹೊಟ್ಟೆ ಖಾಲಿ ಇತ್ತು, ಹಿಡಿತ ಸಾಲುತ್ತಿರಲಿಲ್ಲ. ಹೊಟ್ಟೆಯೊಳಗೆ ಕೊಳವೆಗಳನ್ನು ಇಟ್ಟರೆ ಒಂದೊಂದು ಗುಬುಟೂ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಗುತ್ತದೆ ಎಂಬ ಉಪಾಯಕ್ಕೆ ಮಗ ಗಾಟ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದ. ಎಬಿಎಸ್ ಬಂದದ್ದು 1963ರಲ್ಲಿ. ಮೋಟರು ಕೂಡಿದ ಮೊದಲ ರೈಲು 1966ರಲ್ಲಿ. ನಮ್ಮ ಲಾರಿಗೆ ಬೇಕಾದ ಗೇರು, ಎಕ್ಸಲು, ತೂತುಗಳ ಪಟ್ಟಿ ಇರುವ ಟೆಕ್ನಿಕ್ ಬಗೆಯದು 1977ರಲ್ಲಿ.

ಈ ಇಡೀ ಲೋಕ ನಿಂತಿರುವುದು ಒಂದು ಅಂಕಿಯ ಮೇಲೆ: ಎಂಟು. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿಲಿಮೀಟರ್. ಪಟ್ಟಿಯ ಒಂದು ತೂತಿನಿಂದ ಪಕ್ಕದ ತೂತಿಗೂ 8. ಬ್ಲಾಕಿನ ಎತ್ತರ ಮಾತ್ರ 9.6, ಅದು ಎಂಟಕ್ಕೆ ಕೂಡುವುದಿಲ್ಲ. ಆದರೆ ಅದರ ಮೂರನೇ ಒಂದು ಭಾಗದಷ್ಟು ದಪ್ಪದ, ಅಂದರೆ 3.2 ಮಿಲಿಮೀಟರಿನ ತಟ್ಟೆಗಳಿವೆ. ಎರಡು ತೂತಿನ ಪಟ್ಟಿಗಳ ನಡುವೆ ಇಂಥ ಎರಡು ತಟ್ಟೆ ಇಡಿ. 9.6ಕ್ಕೆ 6.4 ಕೂಡಿದರೆ 16. ಕೆಳಗಿನ ತೂತಿಗೂ ಮೇಲಿನ ತೂತಿಗೂ ಸರಿಯಾಗಿ ಎರಡು ಎಂಟು! ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಕೂಡಿತು. ಇದನ್ನು ಮೊದಲ ಸಲ ಕೈಯಿಂದ ಕಂಡುಕೊಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಗೇರುಗಳೂ ಇದೇ ಎಂಟಕ್ಕೆ ಬದ್ಧ. ಇಲ್ಲಿನ ಗೇರಿಗೆ ಎಷ್ಟು ಹಲ್ಲೋ ಅಷ್ಟೇ ಮಿಲಿಮೀಟರ್ ವ್ಯಾಸ, ಎರಡು ಗೇರಿನ ಹಲ್ಲು ಒಂದನ್ನೊಂದು ಮುಟ್ಟುವ ಮಟ್ಟದಲ್ಲಿ ಅಳೆದರೆ. ಎಂಟು ಹಲ್ಲಿನದರ ತ್ರಿಜ್ಯ 4, ಇಪ್ಪತ್ನಾಲ್ಕು ಹಲ್ಲಿನದರದು 12, ನಲವತ್ತರದು 20. ಎರಡು ಗೇರು ಕೂಡಬೇಕಾದರೆ ಅವುಗಳ ಎಕ್ಸಲುಗಳ ಅಂತರ ಎರಡೂ ತ್ರಿಜ್ಯಗಳ ಮೊತ್ತವಾಗಿರಬೇಕು. 4ಕ್ಕೆ 12 ಕೂಡಿದರೆ 16, ಎರಡು ತೂತು ದಾಟಿದರೆ ಸಿಕ್ಕಿತು. 4ಕ್ಕೆ 20 ಕೂಡಿದರೆ 24, ಮೂರು ತೂತು. 12ಕ್ಕೆ 20 ಕೂಡಿದರೆ 32, ನಾಲ್ಕು ತೂತು. ಆದರೆ ಹದಿನಾರು ಹಲ್ಲಿನದನ್ನೂ ಇಪ್ಪತ್ನಾಲ್ಕು ಹಲ್ಲಿನದನ್ನೂ ಕೂಡಿಸಲು ಹೋಗಿ ನಮ್ಮ ಹುಡುಗ ಒಂದು ಮಧ್ಯಾಹ್ನವೆಲ್ಲ ಒದ್ದಾಡಿದ. ಎರಡು ತೂತಿಗೆ ಹಲ್ಲು ಇರುಕುತ್ತವೆ, ಮೂರು ತೂತಿಗೆ ಮುಟ್ಟುವುದೇ ಇಲ್ಲ. 8ಕ್ಕೆ 12 ಕೂಡಿದರೆ 20, ಅಂದರೆ ಎರಡೂವರೆ ತೂತು. ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವನೇ ಉಳಿದ ಜೋಡಿಗಳ ಕೋಷ್ಟಕ ಬರೆದು ಗೋಡೆಗೆ ಅಂಟಿಸಿದ. ನೇರ ಸಾಲಿನಲ್ಲಿ ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂದು ಈಗ ಅವನು ಗೇರು ಮುಟ್ಟದೆ ಹೇಳುತ್ತಾನೆ.

ಇನ್ನು ಹಲಗೆಯ ಸಮಸ್ಯೆ. ಲಾರಿಯ ತೂಕ ಬ್ಯಾಟರಿ ಸೇರಿ 1 ಕಿಲೋ 200 ಗ್ರಾಂ. ಮೂರಡಿಗೆ ಒಂದಡಿ ಏರುವ ಇಳಿಜಾರಿನಲ್ಲಿ ತೂಕದ ಮೂರನೇ ಒಂದು ಪಾಲು ಲಾರಿಯನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ 400 ಗ್ರಾಮಿನ ಸೆಳೆತ, ಸುಮಾರು 4 ನ್ಯೂಟನ್. ಗಾಲಿಯ ತ್ರಿಜ್ಯ 3 ಸೆಂಟಿಮೀಟರಿಗಿಂತ ತುಸು ಹೆಚ್ಚು. ಎರಡನ್ನೂ ಗುಣಿಸಿದರೆ ಎಕ್ಸಲಿಗೆ ಬೇಕಾದ ತಿರುಚುಬಲ ಸಿಗುತ್ತದೆ: 12 ನ್ಯೂಟನ್-ಸೆಂಟಿಮೀಟರ್. ನಮ್ಮಲ್ಲಿದ್ದ ಮಧ್ಯಮ ಗಾತ್ರದ ಮೋಟರು 9 ವೋಲ್ಟಿನಲ್ಲಿ ಖಾಲಿ ತಿರುಗಿದರೆ ನಿಮಿಷಕ್ಕೆ ಸುಮಾರು 400 ಸುತ್ತು. ಅದನ್ನು ಕೈಯಿಂದ ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು 11. ಬೇಕಾದದ್ದು 12, ಇರುವುದು 11. ಗಾಲಿಯನ್ನು ನೇರ ಮೋಟರಿಗೆ ಕಟ್ಟಿದ ಲಾರಿ ಏರದಿದ್ದುದು ಅದರ ತಪ್ಪಲ್ಲ.

ಇಲ್ಲಿ ಗೇರಿನ ಕೊಡುಕೊಳ್ಳುವಿಕೆ ಶುರುವಾಗುತ್ತದೆ. ಮೋಟರಿನ ಎಕ್ಸಲಿಗೆ ಎಂಟು ಹಲ್ಲು, ಗಾಲಿಯ ಎಕ್ಸಲಿಗೆ ಇಪ್ಪತ್ನಾಲ್ಕು ಹಲ್ಲು ಹಾಕಿದರೆ ಮೋಟರು ಮೂರು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ವೇಗ ಮೂರನೇ ಒಂದಕ್ಕೆ ಇಳಿಯಿತು, ಬಲ ಮೂರು ಪಟ್ಟಾಯಿತು. ನಲವತ್ತು ಹಲ್ಲು ಹಾಕಿದರೆ ಐದು ಪಟ್ಟು. ಇಷ್ಟು ಶಾಲೆಯ ಪುಸ್ತಕದಲ್ಲೂ ಇರುತ್ತದೆ. ಪುಸ್ತಕ ಅಷ್ಟಾಗಿ ಹೇಳದ ಮಾತೊಂದಿದೆ: ಮೋಟರಿನ ವೇಗ ಒಂದೇ ಸಮ ಇರುವುದಿಲ್ಲ. ಭಾರ ಬಿದ್ದಷ್ಟೂ ಅದು ಇಳಿಯುತ್ತದೆ, ಹೆಚ್ಚುಕಡಿಮೆ ಸರಳರೇಖೆಯಲ್ಲಿ. ಭಾರವಿಲ್ಲದಾಗ 400, ಅರ್ಧ ಬಲ ಬೇಡಿದಾಗ 200, ಪೂರ್ತಿ ಬೇಡಿದಾಗ ಸೊನ್ನೆ.

ಈಗ ಲೆಕ್ಕ ಹಾಕಿ. ಖಾಲಿ ಲಾರಿಗೆ 12 ಬೇಕು. ಮೂರರ ಗೇರಿನಲ್ಲಿ ಮೋಟರಿನ ಪಾಲಿಗೆ ಬರುವುದು 4. ಅದು ಸುಮಾರು 250 ಸುತ್ತು ತಿರುಗಬಲ್ಲದು, ಗಾಲಿ ಸುಮಾರು 84. ಐದರ ಗೇರಿನಲ್ಲಿ ಮೋಟರಿಗೆ ಬರುವುದು ಎರಡೂವರೆಗಿಂತ ತುಸು ಕಡಿಮೆ, ಅದು 310 ಸುತ್ತು ತಿರುಗೀತು, ಆದರೆ ಗಾಲಿ 62. ಖಾಲಿ ಲಾರಿಗೆ ಮೂರರ ಗೇರೇ ಚುರುಕು. ಆಮೇಲೆ ನಾವು ಒಂದು ಚೀಲದಲ್ಲಿ 1 ಕಿಲೋ 200 ಗ್ರಾಂ ತೊಗರಿ ತೂಗಿ ಲಾರಿಯ ಹಿಂಬದಿಗೆ ಹಾಕಿದೆವು. ಈಗ ಬೇಕಾದದ್ದು 24. ಮೂರರ ಗೇರಿನಲ್ಲಿ ಮೋಟರಿಗೆ 8 ಬಿದ್ದು ಅದರ ವೇಗ 110ರ ಆಸುಪಾಸಿಗೆ ಕುಸಿಯುತ್ತದೆ. ಗಾಲಿ 36 ಸುತ್ತು. ಐದರ ಗೇರಿನಲ್ಲಿ ಮೋಟರಿಗೆ 5 ಬಿದ್ದು ಅದು 220 ತಿರುಗುತ್ತದೆ, ಗಾಲಿ 44. ಹೇರು ಹೆಚ್ಚಾದಾಗ ನಿಧಾನದ ಗೇರೇ ಬೇಗ ಮುಟ್ಟಿಸುತ್ತದೆ! ಗೇರುಗಳ ತಿಕ್ಕಾಟ ಒಂದಿಷ್ಟು ತಿನ್ನುವುದರಿಂದ ಹಲಗೆಯ ಮೇಲೆ ಈ ಅಂಕಿಗಳು ಹೀಗೇ ಬರುವುದಿಲ್ಲ, ಆದರೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಹೀಗೇ ಬಂತು. ಹೇರು ಹೊತ್ತ ಲಾರಿಯ ಡ್ರೈವರು ಘಾಟಿನಲ್ಲಿ ಗೇರು ಇಳಿಸುವುದು ಬರೀ ಏರುವುದಕ್ಕಲ್ಲ, ಬೇಗ ಏರುವುದಕ್ಕೂ ಹೌದು. ಡೀಸೆಲ್ ಎಂಜಿನ್ನಿನ ಸ್ವಭಾವ ಬೇರೆ, ಆದರೂ ತತ್ವ ಒಂದೇ. ಶಕ್ತಿಯನ್ನು ಗೇರು ಹುಟ್ಟಿಸುವುದಿಲ್ಲ. ಮೋಟರು ಚೆನ್ನಾಗಿ ದುಡಿಯುವ ವೇಗದಲ್ಲಿ ಅದನ್ನು ದುಡಿಯಲು ಬಿಡುತ್ತದೆ.

ಈ ಮೋಟರುಗಳ ಶಕ್ತಿ ಎಷ್ಟು ಚಿಕ್ಕದೆಂದರೆ, 2018ರಲ್ಲಿ ಬುಗಾಟಿ ಶಿರಾನ್ ಕಾರಿನ ನಿಜ ಗಾತ್ರದ ಮಾದರಿಯನ್ನು ಹತ್ತು ಲಕ್ಷಕ್ಕೂ ಹೆಚ್ಚು ಟೆಕ್ನಿಕ್ ತುಂಡುಗಳಿಂದ ಕಟ್ಟಿದಾಗ ಅದನ್ನು ಓಡಿಸಲು 2,304 ಮೋಟರುಗಳು ಬೇಕಾದವು. ಒಂದೂವರೆ ಟನ್ ತೂಕದ ಆ ಗಾಡಿ ಮನುಷ್ಯನನ್ನು ಕೂರಿಸಿಕೊಂಡು ಗಂಟೆಗೆ 20 ಕಿಲೋಮೀಟರಿಗೂ ಮೀರಿ ಓಡಿತು. ಅಷ್ಟೂ ಮೋಟರು ಕೂಡಿ 5.3 ಅಶ್ವಶಕ್ತಿ. ಭಾಗಿಸಿ ನೋಡಿದರೆ ಒಂದೊಂದಕ್ಕೆ ಎರಡು ವ್ಯಾಟಿಗಿಂತ ಕಡಿಮೆ. ನಮ್ಮ ಊರಿನ ಹೊಲಗಳಲ್ಲಿ ಐದು ಅಶ್ವಶಕ್ತಿಯ ಪಂಪು ಸಾಮಾನ್ಯ. ಒಂದು ಬಾವಿಯ ಪಂಪಿನಷ್ಟು ಶಕ್ತಿ ಎರಡು ಸಾವಿರ ಕೈಗಳಿಗೆ ಹಂಚಿಹೋಗಿ, ಮತ್ತೆ ಸಾವಿರಾರು ಗೇರುಗಳ ಮೂಲಕ ಗಾಲಿಗಳಿಗೆ ಬಂದು ಸೇರಿತ್ತು.

ನಮ್ಮ ಲಾರಿ ತೊಗರಿ ಹೊತ್ತು ಅರ್ಧ ಹಲಗೆ ಏರಿದಾಗ ಕಟಕಟ ಎಂಬ ಸದ್ದು ಬಂತು. ಇದು ನನ್ನ ತಪ್ಪು. ನಲವತ್ತು ಹಲ್ಲಿನ ಗೇರನ್ನು ಒಂದೇ ಬದಿಯ ಪಟ್ಟಿಗೆ ಸಿಕ್ಕಿಸಿ, ಇನ್ನೊಂದು ಬದಿಯನ್ನು ಬಯಲು ಬಿಟ್ಟಿದ್ದೆ. ಹಲ್ಲುಗಳು ಒಂದನ್ನೊಂದು ಮುಂದಕ್ಕೆ ತಳ್ಳುವುದಲ್ಲದೆ ದೂರಕ್ಕೂ ತಳ್ಳುತ್ತವೆ, ಏಕೆಂದರೆ ಹಲ್ಲಿನ ಮೈ ಇಳಿಜಾರು. ಬಲ ಹೆಚ್ಚಾದಂತೆ ಎಕ್ಸಲು ಬಾಗಿತು, ಹಲ್ಲು ಹಲ್ಲನ್ನು ದಾಟಿ ಜಿಗಿಯಿತು. ಎರಡೂ ಬದಿಗೆ ಪಟ್ಟಿ ಕೊಟ್ಟು, ಚೌಕಟ್ಟಿಗೆ ಓರೆಯಾಗಿ ಒಂದು ಪಟ್ಟಿ ಬಿಗಿದೆವು. ಓರೆ ಪಟ್ಟಿಗೂ ಎಂಟರ ಲೆಕ್ಕವೇ: ಅಡ್ಡಕ್ಕೆ ಮೂರು ಅಂತರ, ಉದ್ದಕ್ಕೆ ನಾಲ್ಕು ಅಂತರ ಇಟ್ಟರೆ ಓರೆ ಸರಿಯಾಗಿ ಐದು ಅಂತರ. ತೂತುಗಳನ್ನಲ್ಲ, ತೂತುಗಳ ನಡುವಿನ ಅಂತರಗಳನ್ನು ಎಣಿಸಬೇಕು. ಇದನ್ನು ಮರೆತು ಕಟ್ಟಿದ ಚೌಕಟ್ಟು ಯಾವತ್ತೂ ಒಂದು ತೂತು ಸೊಟ್ಟ.

ಲಾರಿ ಹಲಗೆ ಏರಿತು. ಕೊನೆಯ ಗೇಣು ದಾಟುವಾಗ ಅಕ್ಕ ಅಡುಗೆಮನೆಯಿಂದ ಹೊರಬಂದು ನಿಂತು ನೋಡಿದಳು.

ಖರ್ಚಿನ ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ, ಏಕೆಂದರೆ ಈ ಹವ್ಯಾಸ ನಮ್ಮ ಹಳ್ಳಿಗಳ ಮಕ್ಕಳಿಗೆ ತಲುಪದಿರುವುದು ಬುದ್ಧಿಯ ಕೊರತೆಯಿಂದಲ್ಲ. ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ದೇಶದೊಳಗೆ ಆಟಿಕೆ ತಯಾರಾಗಲಿ ಎಂಬುದು ಇದರ ಉದ್ದೇಶ. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕಾರ್ಖಾನೆಗಳ ವಸಾಹತು ಎದ್ದದ್ದೂ ಇದೇ ಕಾಲದಲ್ಲಿ. ಬ್ಲಾಕಿನ ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಬ್ಲಾಕಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಎಂದು ಕಾಯ್ದಿಡಲು ಆಗದು ಎಂದು ಯುರೋಪಿನ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತು, ಏಕೆಂದರೆ ಆ ಆಕಾರ ಒಂದು ತಾಂತ್ರಿಕ ಕೆಲಸ ಮಾಡುತ್ತದೆ. ಹಾಗಾಗಿ ಎಂಟರ ಲೆಕ್ಕಕ್ಕೆ ಹೊಂದುವ ಬ್ಲಾಕನ್ನು ಯಾರು ಬೇಕಾದರೂ ಮಾಡಬಹುದು. ಅಗ್ಗದ ಬ್ಲಾಕು ಕೊಳ್ಳುವಾಗ ಹತ್ತು ತುಂಡನ್ನು ಸಾಲಾಗಿ ಜೋಡಿಸಿ ನೋಡಿ. ಅಚ್ಚಿನ ಸಣ್ಣ ತಪ್ಪು ಒಂದರಲ್ಲಿ ಕಾಣುವುದಿಲ್ಲ, ಹತ್ತರಲ್ಲಿ ಕೂಡಿ ಕಾಣುತ್ತದೆ.

ಮೋಟರಿಗಂತೂ ದುಬಾರಿ ಪೆಟ್ಟಿಗೆ ಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಓ ಮೋಟರ್ ಎಂದು ಕೇಳಿದರೆ ಹಳದಿ ಬಣ್ಣದ, ಒಳಗೇ ಗೇರು ಇರುವ ಮೋಟರು ಕೊಡುತ್ತಾರೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳ ಮಕ್ಕಳು ಇದನ್ನು ಬಲ್ಲರು. ಇದರ ದಂಡದ ಆಕಾರ ಬ್ಲಾಕಿನ ಎಕ್ಸಲಿಗೆ ಹೊಂದುವುದಿಲ್ಲ. ಬಿಗಿಯಾದ ರಬ್ಬರ್ ಕೊಳವೆಯ ಒಂದು ತುಂಡನ್ನು ಎರಡಕ್ಕೂ ತೊಡಿಸಿದರೆ ಆಯಿತು. ಎರಡು ದಂಡ ಒಂದಿಷ್ಟು ಸೊಟ್ಟವಿದ್ದರೂ ರಬ್ಬರು ಸಹಿಸುತ್ತದೆ. ಈ ದಾರಿ ತೋರಿಸಿದವರು ಅರವಿಂದ ಗುಪ್ತಾ. ಐಐಟಿ ಕಾನ್ಪುರದಲ್ಲಿ ಓದಿ, ಪುಣೆಯಲ್ಲಿ ಟಾಟಾದ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮಕ್ಕೆ ಹೋಗಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸಿ ಆಕೃತಿಗಳನ್ನು ಕಟ್ಟುವುದನ್ನು ಕಂಡುಕೊಂಡರು. ಬೆಂಕಿಕಡ್ಡಿಗೆ ರಬ್ಬರು ಕೊಳವೆ, ದಂಟಿನ ಬೆಂಡಿಗೆ ಸಿಬಿರು, ಬ್ಲಾಕಿಗೆ ಗುಬುಟು. ಮೂರರಲ್ಲೂ ಕೀಲು ಎಲ್ಲಿದೆ ಎಂದು ಹುಡುಕಿದರೆ ವಿಜ್ಞಾನ ಅಲ್ಲೇ ಸಿಗುತ್ತದೆ.

ಹಲಗೆ ಗೆದ್ದ ಲಾರಿ ತಿರುವಿನಲ್ಲಿ ಸೋತಿತು. ನೇರ ಓಡುತ್ತಿತ್ತು, ತಿರುಗಿಸಿದರೆ ಹಿಂದಿನ ಗಾಲಿ ನೆಲವನ್ನು ಉಜ್ಜುತ್ತ ಕಿರ್ ಎನ್ನುತ್ತಿತ್ತು. ಎರಡೂ ಗಾಲಿ ಒಂದೇ ಎಕ್ಸಲಿಗೆ ಬಿಗಿದಿದ್ದವು. ಎತ್ತಿನ ಬಂಡಿಗೆ ಈ ತೊಂದರೆ ಇಲ್ಲ, ಅದರ ಅಚ್ಚು ತಿರುಗುವುದೇ ಇಲ್ಲ. ಕಡಾಣಿ ಹಾಕಿದ ಗಾಲಿಗಳು ತಮ್ಮ ಪಾಡಿಗೆ ತಾವು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಎಳೆಯುವುದು ಎತ್ತು, ಗಾಲಿಯಲ್ಲ. ಗಾಲಿಯೇ ಗಾಡಿಯನ್ನು ತಳ್ಳಬೇಕಾದಾಗ ಮಾತ್ರ ತೊಡಕು.

ಒಂದು ಪ್ರಶ್ನೆ. ಎರಡು ಗಾಲಿಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಟ್ರ್ಯಾಕ್ಟರು ಒಂದು ಬೇವಿನ ಮರದ ಸುತ್ತ ಒಂದು ಸುತ್ತು ಹಾಕುತ್ತದೆ. ಅದೇ ಟ್ರ್ಯಾಕ್ಟರು ಇಡೀ ಮುಡಬಿ ಊರಿನ ಸುತ್ತ ದುಂಡಗೆ ಒಂದು ಸುತ್ತು ಹಾಕುತ್ತದೆ. ಯಾವ ಸುತ್ತಿನಲ್ಲಿ ಹೊರಗಾಲಿ ಒಳಗಾಲಿಗಿಂತ ಹೆಚ್ಚು ದೂರ ಓಡಬೇಕು? ಎರಡರಲ್ಲೂ ಅಷ್ಟೇ: 9.4 ಮೀಟರ್. ಸುತ್ತಳತೆ ತ್ರಿಜ್ಯದ 6.28 ಪಟ್ಟು. ತ್ರಿಜ್ಯ ಒಂದೂವರೆ ಹೆಚ್ಚಾದರೆ ಸುತ್ತಳತೆ 9.4 ಹೆಚ್ಚು. ವೃತ್ತ ಎಷ್ಟು ದೊಡ್ಡದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. 12 ಸೆಂಟಿಮೀಟರ್ ಅಗಲದ ನಮ್ಮ ಲಾರಿಗೆ ಆ ವ್ಯತ್ಯಾಸ 75 ಸೆಂಟಿಮೀಟರ್. ಒಂದೇ ಎಕ್ಸಲಿನ ಗಾಲಿಗಳು ಆ 75 ಸೆಂಟಿಮೀಟರನ್ನು ನೆಲಕ್ಕೆ ಉಜ್ಜಿ ತೀರಿಸುತ್ತವೆ.

ಇದಕ್ಕೆ ಮದ್ದು ಡಿಫರೆನ್ಷಿಯಲ್. ಅದನ್ನು ಹುಡುಗನಿಗೆ ಬ್ಲಾಕಿನಲ್ಲಿ ತೋರಿಸುವ ಮೊದಲು ಬಸವಕಲ್ಯಾಣದ ಆಟೋ ನಗರಕ್ಕೆ ಕರೆದುಕೊಂಡು ಹೋದೆ. ಹೆದ್ದಾರಿಯ ಲಾರಿಗಳು ಅಲ್ಲಿಗೆ ಬರುತ್ತವೆ. ಒಂದು ಶೆಡ್ಡಿನ ಮುಂದೆ ಲಾರಿಯ ಹಿಂದಿನ ಹೌಸಿಂಗ್ ಬಿಚ್ಚಿ, ಒಳಗಿನ ಗುಂಡನ್ನು ಗೋಣಿಚೀಲದ ಮೇಲೆ ಇಟ್ಟಿದ್ದರು. ಕಪ್ಪು ಎಣ್ಣೆ ಸೋರುತ್ತಿತ್ತು. ದೊಡ್ಡ ಕ್ರೌನು, ಅದರ ಮಗ್ಗುಲಲ್ಲಿ ಚಿಕ್ಕ ಪಿನಿಯನ್ನು.

"ಉಸ್ತಾದ್‌ರ, ಇದು ಒಳಗ ಹೆಂಗ್ ತಿರಗ್ತದ, ಸ್ವಲ್ಪ ತೋರ್ಸ್ರಿ."

ಉಸ್ತಾದ್ ಕೈ ಒರೆಸಿಕೊಂಡು ಬಂದರು. "ನೋಡು ತಮ್ಮಾ, ಈ ಕಡಿಂದು ಹಿಡಕೊ, ಬಿಡಬ್ಯಾಡ." ಹುಡುಗ ಎರಡೂ ಕೈಯಿಂದ ಒಂದು ಬದಿಯ ಗೇರನ್ನು ಹಿಡಿದ. ಉಸ್ತಾದ್ ಗೇರುಗಳನ್ನು ಹೊತ್ತ ನಡುವಿನ ಮನೆಯನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಇನ್ನೊಂದು ಬದಿಯ ಗೇರು ಎರಡು ಸುತ್ತು ತಿರುಗಿತು. "ನೀ ನಿಂದ್ರಿಸಿದ್ದೆಲ್ಲಾ ಅದು ತಗೊಂತದ."

ಇಡೀ ಡಿಫರೆನ್ಷಿಯಲ್ಲು ಆ ಒಂದು ಮಾತಿನಲ್ಲಿದೆ. ಎರಡು ಗಾಲಿಗಳ ವೇಗದ ಸರಾಸರಿಯೇ ನಡುವಿನ ಮನೆಯ ವೇಗ. ಮನೆ 80 ಸುತ್ತು ತಿರುಗುತ್ತಿದ್ದರೆ ಗಾಲಿಗಳು 80 ಮತ್ತು 80 ತಿರುಗಬಹುದು, 70 ಮತ್ತು 90 ತಿರುಗಬಹುದು, ಸೊನ್ನೆ ಮತ್ತು 160 ಕೂಡ ತಿರುಗಬಹುದು. ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ರಸ್ತೆಯೇ ತೀರ್ಮಾನಿಸುತ್ತದೆ. ಯಂತ್ರದೊಳಗೆ ಯಾರೂ ತಿರುವನ್ನು ಅಳೆಯುವುದಿಲ್ಲ. ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲೇ ಇದನ್ನು ಉಗಿ ಗಾಡಿಗೆಂದು ರೂಪಿಸಿದ್ದ.

ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ 1928ರಲ್ಲಿ ಹುಟ್ಟಿದ ಒಂದು ಮಗು ಎಳೆಯ ವಯಸ್ಸಿನಲ್ಲೇ ಕಾರಿನ ಡಿಫರೆನ್ಷಿಯಲ್ಲಿಗೆ ಮನಸೋತಿತ್ತು. ಮುಂದೆ ಗಣಿತಜ್ಞನಾಗಿ ಅಮೆರಿಕದ ಎಂಐಟಿ ಸೇರಿದ ಆತ ಸೀಮೋರ್ ಪೇಪರ್ಟ್. ಗುಣಾಕಾರದ ಮಗ್ಗಿ, ಎರಡು ಅವ್ಯಕ್ತಗಳ ಸಮೀಕರಣ ತನಗೆ ಸುಲಭವಾದದ್ದು ತಲೆಯೊಳಗೆ ಗೇರು ತಿರುಗುತ್ತಿದ್ದುದರಿಂದ ಎಂದು 1980ರ ತನ್ನ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದ ಮುನ್ನುಡಿಯಲ್ಲಿ ಆತ ನೆನೆದಿದ್ದಾನೆ. 1998ರಲ್ಲಿ ಲೆಗೊ ಕಂಪನಿ ತನ್ನ ಕಂಪ್ಯೂಟರ್ ಬ್ಲಾಕಿಗೆ ಇಟ್ಟ ಹೆಸರು ಅದೇ ಪುಸ್ತಕದ್ದು. ಪೇಪರ್ಟ್ ಒತ್ತಿ ಹೇಳಿದ್ದು ಪ್ರೀತಿಯ ವಿಷಯ. ಗೇರನ್ನು ಆತ ಅರ್ಥಮಾಡಿಕೊಳ್ಳುವ ಮೊದಲೇ ಪ್ರೀತಿಸಿದ್ದ. ಆಟೋ ನಗರದಿಂದ ಬಸ್ಸಿನಲ್ಲಿ ಮರಳುವಾಗ ಎಣ್ಣೆ ಮೆತ್ತಿದ ಅಂಗೈಯನ್ನು ತೊಳೆಯಲು ಒಪ್ಪದೆ ಕೂತಿದ್ದ ಹುಡುಗನನ್ನು ನೋಡಿ ನನಗೆ ಆ ಮಾತು ನೆನಪಾಯಿತು.

ಬ್ಲಾಕಿನ ಡಿಫರೆನ್ಷಿಯಲ್ಲು ನೆಲ್ಲಿಕಾಯಿ ಗಾತ್ರದ್ದು. ಒಂದು ತೆರೆದ ಮನೆ, ಒಳಗೆ ಹನ್ನೆರಡು ಹಲ್ಲಿನ ಮೂರು ಓರೆ ಗೇರುಗಳು, ಎರಡು ಬದಿಗೆ ಎರಡು ಎಕ್ಸಲು. ಅದನ್ನು ಹಾಕಿದ ಮೇಲೆ ಲಾರಿ ಪಡಸಾಲೆಯ ಕಂಬವನ್ನು ಸದ್ದಿಲ್ಲದೆ ಸುತ್ತಿತು.

ಮರುದಿನ ಮಳೆ ಬಂತು. ಎರಿ ಮಣ್ಣಿನ ಅಂಗಳಕ್ಕೆ ಹುಡುಗ ಲಾರಿ ಇಳಿಸಿದ. ನಾಲ್ಕು ಮಾರು ಹೋಗುವುದರೊಳಗೆ ಎಡಗಾಲಿ ರಾಡಿಯಲ್ಲಿ ಇಳಿದು ಗರಗರ ತಿರುಗತೊಡಗಿತು. ಗಟ್ಟಿ ನೆಲದ ಮೇಲಿದ್ದ ಬಲಗಾಲಿ ಅಲುಗಲಿಲ್ಲ. ಸೊನ್ನೆ ಮತ್ತು 160. ಡಿಫರೆನ್ಷಿಯಲ್ಲು ಎರಡೂ ಬದಿಗೆ ಬಲವನ್ನು ಸಮನಾಗಿ ಹಂಚುತ್ತದೆ. ರಾಡಿಯಲ್ಲಿ ಜಾರುವ ಗಾಲಿಗೆ ಹಿಡಿತವಿಲ್ಲದೆ ಬಲ ಬೇಕಾಗುವುದೇ ಇಲ್ಲ, ಆದ್ದರಿಂದ ಗಟ್ಟಿ ನೆಲದ ಗಾಲಿಗೂ ಅಷ್ಟೇ ಅಲ್ಪ ಸಿಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹೊಲದ ಬಾಯಿಗೆ ಸಿಕ್ಕಿಬಿದ್ದ ಟ್ರ್ಯಾಕ್ಟರನ್ನು ಕಂಡವರಿಗೆಲ್ಲ ಈ ನೋಟ ಗೊತ್ತು. ಡ್ರೈವರು ಆಗ ಹಿಮ್ಮಡಿಯ ಹತ್ತಿರದ ಒಂದು ಪೆಡಲ್ ತುಳಿಯುತ್ತಾನೆ: ಡಿಫರೆನ್ಷಿಯಲ್ ಲಾಕ್.

"ಲಾಕ್ ಅಂದ್ರ ಎರಡೂ ಗಾಲಿ ಕೂಡಿ ಕಟ್ತಾರೇನು ಮಾಮಾ?"

"ಎರಡೂ ಕಟ್ಟಲ್ಲ. ನಡುವಿನ ಮನಿಗಿ ಒಂದೇ ಗಾಲಿ ಎಕ್ಸಲ್ ಕಟ್ತಾರ."

ಅವನು ಲಾರಿಯನ್ನು ರಾಡಿಯಿಂದ ಎತ್ತಿ, ತಲೆಕೆಳಗೆ ಮಾಡಿ, ಮನೆಯನ್ನೂ ಎಡ ಎಕ್ಸಲನ್ನೂ ಎರಡು ಬೆರಳಿನಿಂದ ಒಟ್ಟಿಗೆ ಹಿಡಿದು ತಿರುಗಿಸಿದ. ಬಲಗಾಲಿಯೂ ಜೊತೆಗೇ ತಿರುಗಿತು. ಮತ್ತೊಮ್ಮೆ ತಿರುಗಿಸಿದ. ತುಟಿ ಅಲುಗುತ್ತಿದ್ದವು, ಅಂಕಿ ಎಣಿಸುತ್ತಿದ್ದ.

"ಸರಾಸರಿ 80, ಒಂದು 80," ಅಂದ. "ಅಂದ್ರ ಇನ್ನೊಂದೂ 80ನೇ ಆಗ್ಬೇಕು. ಬ್ಯಾರೆ ದಾರಿನೇ ಇಲ್ಲ ಅದಕ್ಕ."

ಅಷ್ಟು ಹೇಳಿ ಒಳಗೆ ಓಡಿದ. ಡಬ್ಬಿಯಲ್ಲಿ ಹದಿನಾರು ಹಲ್ಲಿನ ಗೇರು ಹುಡುಕುವ ಸದ್ದು ಅಂಗಳಕ್ಕೂ ಕೇಳಿಸುತ್ತಿತ್ತು.